ಸೋತವರ ಮನೆಯ ಊಟ

ನಮ್ಮ ಊರಿನಲ್ಲಿ ಜಡ್ಜ್ ಆದವರ ಮನೆಯಲ್ಲಿ ಉಪ್ಪು ನೋಡುವುದಕ್ಕೆ ಬೇರೆ ಯಾರಾದರೂ ಇರಲೇಬೇಕು. ತೀರ್ಪು ಓದಿ ಮುಗಿಸಿದ ಗಳಿಗೆಯಲ್ಲೇ ಓದಿದವರ ನಾಲಿಗೆಯಿಂದ ಉಪ್ಪು ಹೊರಟುಹೋಗುತ್ತದೆ. ಹುಳಿ ಇರುತ್ತದೆ, ಖಾರ ಇರುತ್ತದೆ, ಸಿಹಿಯೂ ಇರುತ್ತದೆ, ಉಪ್ಪೊಂದು ಇರುವುದಿಲ್ಲ. ಸೋತವರ ಮನೆಗೆ ಹೋಗಿ, ಅವರು ಬಡಿಸಿದ್ದನ್ನು ಉಂಡು, ಕೈ ತೊಳೆದು ಎದ್ದರೆ ಮರಳಿ ಬರುತ್ತದೆ. ಇದು ಯಾವ ಕಾಲದಿಂದ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬೇಸಿಗೆಗೆ ಮಾವಿನಹಣ್ಣು ಬರುವ ಹಾಗೆ, ಜಡ್ಜ್ ಸೋತವರ ಮನೆಗೆ ಊಟಕ್ಕೆ ಬರುತ್ತಾರೆ. ಬೀದಿಯಲ್ಲಿ ಲಗೋರಿ ಆಡುವ ಮಕ್ಕಳು ಕೂಡ, ಜಗಳ ಬಿಡಿಸಿದವನಿಗೆ ಸೋತವನ ಸೀಬೆಹಣ್ಣನ್ನು ಒಂದು ಸಲ ಕಚ್ಚಲು ಕೊಡುತ್ತಾರೆ. ಆಮೇಲೆ ಆಟ ಮುಂದುವರಿಯುತ್ತದೆ.

ನನ್ನ ಓರಗಿತ್ತಿ ಹೈಮವತಿ ಇಂಥ ಊರಿನಲ್ಲಿ ಮುನ್ಸೀಫಳಾಗಿ ಶುರುಮಾಡಿ ದೊಡ್ಡ ಕೋರ್ಟಿನ ಪೀಠದವರೆಗೆ ಹೋದವಳು. ದೊಡ್ಡ ಕೋರ್ಟೆಂದರೆ ಇಡೀ ರಾಜ್ಯಕ್ಕೆ ಅದರ ಮೇಲೆ ಇನ್ನೊಂದಿಲ್ಲ, ಅಲ್ಲಿ ಆಯಿತು ಅಂದರೆ ಆಯಿತು. ಊರಿಗೆಲ್ಲ ಅವಳು ಜಡ್ಜಮ್ಮ. ನನಗೆ ಅಕ್ಕ. ಅವಳು ಕೋರ್ಟಿಗೆ ಹೋದಳು, ನಾನು ಅಡುಗೆಮನೆಗೆ ಹೋದೆ. ಒಂದೇ ಸೂರಿನ ಕೆಳಗೆ ನಮ್ಮಿಬ್ಬರ ಆಯುಷ್ಯ ಹೀಗೆ ಹಂಚಿಹೋಯಿತು. ಇದರಲ್ಲಿ ನನಗೆ ದುಃಖವಿತ್ತೆಂದು ಕೆಲವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ನನಗೆ ಒಲೆಯ ಮುಂದೆ ಯೋಚನೆಗಳು ಬರುತ್ತವೆ, ಅವಳಿಗೆ ಕಡತದ ಮುಂದೆ ಬರುತ್ತಿದ್ದವು, ಅಷ್ಟೇ.

ಅವಳು ನಮ್ಮ ಮನೆಗೆ ಸೊಸೆಯಾಗಿ ಬಂದದ್ದೂ ಒಂದು ಊಟದಿಂದಲೇ. ನಮ್ಮ ಭಾವ ಸಾಂಬಶಿವ ಶಾಲೆಯಲ್ಲಿ ಚಿತ್ರ ಕಲಿಸುವ ಮೇಷ್ಟ್ರು. ಒಮ್ಮೆ ಸೈಕಲ್ಲಿನಲ್ಲಿ ಹೋಗುತ್ತಾ ಮೋಡ ನೋಡಿಕೊಂಡು, ಮಜ್ಜಿಗೆ ಮಾರುವವಳ ಗಡಿಗೆಗಳಿಗೆ ಗುದ್ದಿ ಎಲ್ಲವನ್ನೂ ಒಡೆದುಹಾಕಿದರು. ಮೋಡವೇ ಕಾರಣ ಎಂದು ಕೋರ್ಟಿನಲ್ಲಿ ವಾದಿಸಿ ಸೋತರು. ತೀರ್ಪು ಕೊಟ್ಟವಳು ಆಗಷ್ಟೇ ಕೆಲಸಕ್ಕೆ ಬಂದಿದ್ದ ಹೈಮವತಿ. ಮಗನಿಗೆ ದಂಡ ಹಾಕಿದವಳಿಗೆ ನಾನು ಅಡುಗೆ ಮಾಡುವುದಿಲ್ಲ ಎಂದು ನಮ್ಮ ಅತ್ತೆ ಮುಸುಕೆಳೆದು ಮಲಗಿದರಂತೆ. ಭಾವ ತಾವೇ ಉಪ್ಪಿಟ್ಟು ಮಾಡಿದರು. ಅವಳು ಕೊನೆಯ ತುತ್ತಿನವರೆಗೂ ಉಂಡಳು, ಕೈ ತೊಳೆದಳು, ಬಾಣಲೆಯಲ್ಲಿ ಉಳಿದ ಚೂರನ್ನು ಬಾಯಿಗಿಟ್ಟು ನೋಡಿದಳು, ಉಪ್ಪು ಗೊತ್ತಾಗಲಿಲ್ಲ. ಗೊತ್ತಾಗುವುದು ಹೇಗೆ, ಭಾವ ಉಪ್ಪು ಹಾಕುವುದನ್ನೇ ಮರೆತಿದ್ದರು. ಬಂದಿದೆಯೋ ಇಲ್ಲವೋ ತಿಳಿಯದೆ ಅವಳು ಮಾರನೆಯ ದಿನ ಮತ್ತೆ ಬಂದಳು. ಅವತ್ತು ಭಾವ ಹೆದರಿ ಎರಡು ಪಾಲು ಹಾಕಿದ್ದರು. ಮೂರನೆಯ ಸಲ ಅವಳು ಬರುವುದಕ್ಕೆ ಕೋರ್ಟಿನ ಕಾರಣ ಯಾವುದೂ ಇರಲಿಲ್ಲ.

ಅತ್ತೆಗೆ ಈ ಸಂಬಂಧ ಒಗ್ಗಿರಲಿಲ್ಲ. ಕಂಡಕಂಡವರ ಮನೆಯಲ್ಲೆಲ್ಲ ಉಂಡು ಬರುವ ಸೊಸೆ ಎಂದು ಅವಳಿಗೊಂದು ಬೇರೆ ತಟ್ಟೆ ಇಟ್ಟಿದ್ದರು. ಅಕ್ಕ ಆ ತಟ್ಟೆಯಲ್ಲೇ ಉಣ್ಣುತ್ತಿದ್ದಳು. ಆದರೆ ಪ್ರತಿ ಊಟದಿಂದ ಬಂದಮೇಲೆ ಅತ್ತೆಯ ಪಕ್ಕ ಕೂತು, ಅವರ ಮನೆಯಲ್ಲಿ ಹೀಗೆ ಮಾಡಿದ್ದರು, ಇವರು ಬದನೆಕಾಯಿಗೆ ಎಳ್ಳು ಹಾಕುತ್ತಾರೆ, ಕೆರೆಯಾಚೆಯವರ ಕೇರಿಯಲ್ಲಿ ಹುರುಳಿ ಸಾರಿಗೆ ಇಂಥ ಒಗ್ಗರಣೆ ಎಂದು ಹೇಳುತ್ತಿದ್ದಳು. ಅತ್ತೆ ಮುಖ ತಿರುಗಿಸಿಕೊಂಡೇ ಕೇಳುತ್ತಿದ್ದರು. ಒಂದು ದಿನ ನಮ್ಮ ಮನೆಯಲ್ಲಿ ಎಳ್ಳು ಹಾಕಿದ ಬದನೆಕಾಯಿ ಪಲ್ಯವಾಯಿತು. ಇನ್ನೊಂದು ದಿನ ಆ ಬೇರೆ ತಟ್ಟೆಯಲ್ಲಿ ಹಸುವಿಗೆ ಬೂಸಾ ಕಲಸಿಟ್ಟಿದ್ದು ಕಂಡಿತು. 

ನಾನು ಕಿರಿಯ ಸೊಸೆಯಾಗಿ ಬಂದಾಗ ಅಕ್ಕ ಜಿಲ್ಲಾ ಜಡ್ಜ್ ಆಗಿದ್ದಳು. ನನ್ನ ಮೊದಲ ಸಾರನ್ನು ಬಾಯಿಗಿಟ್ಟು, ಮನೆಯವರೆಲ್ಲ ಚೆನ್ನಾಗಿದೆ ಎನ್ನುತ್ತಿದ್ದರೆ, ಅವಳೊಬ್ಬಳೇ, "ಉಪ್ಪು ಜಾಸ್ತಿಯಾಯ್ತು ಕಣೆ ದಾಕ್ಷಿ. ಹುಳಿ ಸರಿಯಾಗಿದೆ" ಎಂದಳು. ನಾನು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ಅವಳು ಬಾವಿಕಟ್ಟೆಯವರೆಗೆ ಹಿಂದೆಯೇ ಬಂದಳು, ಸಮಾಧಾನ ಮಾಡಲಿಲ್ಲ. ಸುಳ್ಳು ಹೇಳಿದ್ದರೆ ನಾಳೆ ನೀನು ಯಾರ ಮಾತು ನಂಬುತ್ತಿದ್ದೆ ಎಂದು ಕೇಳಿದಳು. ಆಗ ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಎಷ್ಟೋ ದಿನ, ಅವಳಿಗೆ ತೀರ್ಪು ಓದುವ ಕೆಲಸ ಬರಲಿ, ನಾಲಿಗೆಯಿಂದ ಉಪ್ಪು ಹೋಗಲಿ, ನನ್ನ ಅಡುಗೆ ಅವತ್ತಿಗೆ ಬಚಾವಾಗಲಿ ಎಂದು ಬೇಡಿಕೊಂಡಿದ್ದೇನೆ. ಬರಬರುತ್ತಾ ಅವಳು ಹೇಳಿದ ಹಾಗೇ ಆಯಿತು. ಮನೆಯಲ್ಲಿ ಅವಳ ಮಾತೊಂದನ್ನೇ ನಾನು ನಂಬತೊಡಗಿದೆ. ಅವಳು ತಲೆಯಾಡಿಸಿ ಇನ್ನೊಂದು ಸೌಟು ಹಾಕಿಸಿಕೊಂಡ ದಿನ ನಾನು ಪಾತ್ರೆ ತೊಳೆಯುವಾಗ ಹಾಡಿಕೊಳ್ಳುತ್ತಿದ್ದೆ.

ಅವಳು ದೊಡ್ಡ ಕೋರ್ಟಿಗೆ ಹೋದಮೇಲೆ ಊಟಗಳ ರೀತಿ ಬದಲಾಯಿತು. ಸರ್ಕಾರ ಸೋತರೆ ಕಚೇರಿಯ ಕ್ಯಾಂಟೀನಿನಲ್ಲಿ ತಣ್ಣಗಿನ ಚಿತ್ರಾನ್ನ. ಜೈಲಿಗೆ ಹೋದವನಿದ್ದರೆ ಅವನ ತಾಯಿಯ ಮನೆ. ಅಲ್ಲಿಗೆ ಹೋಗುವ ದಿನ ಅಕ್ಕ ಬೆಳಗಿನ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಮೂವರು ಕೂತು ಕೇಳಿದ ಮೊಕದ್ದಮೆಯಾದರೆ ಮೂವರೂ ಒಟ್ಟಿಗೆ ಹೋಗಬೇಕು. ಒಪ್ಪದೆ ಬೇರೆ ಬರೆದವರ ಉಪ್ಪು ಹೋಗುವುದಿಲ್ಲ, ಅವರು ಹೋಗಬೇಕಾಗಿಯೂ ಇಲ್ಲ. ಸೋತವರ ಕೈಯಡುಗೆ ಕೆಟ್ಟದ್ದೆಂದು ಗೊತ್ತಿದ್ದರೆ ಕೆಲವರು ಬೇಕೆಂದೇ ಒಪ್ಪದೆ ಬರೆಯುತ್ತಾರೆಂದು ವಕೀಲರು ನಗುತ್ತಿದ್ದರು. ಅಕ್ಕ ಹಾಗೆ ಮಾಡಿದವಳಲ್ಲ. ಅವಳ ತೀರ್ಪುಗಳು ಸರಳವಾದ ಮಾತಿನಲ್ಲಿರುತ್ತಿದ್ದವು. ನಾನು ಕಾಯಿ ತುರಿಯುವಾಗ ಬಂದು ಮಣೆಯ ಮೇಲೆ ಕೂತು ಓದುತ್ತಿದ್ದಳು. ನನಗೆ ಅರ್ಥವಾಗದ ಸಾಲಿದ್ದರೆ ಹೊಡೆದುಹಾಕುತ್ತಿದ್ದಳು. ಯಾಕೆ ಸೋತೆ ಎಂದು ಅವರಿಗೆ ತಿಳಿಯದೆ ಹೋದರೆ, ನಾನು ಅವರೆದುರು ಹೇಗೆ ಕೂತು ಉಣ್ಣಲಿ ಎನ್ನುತ್ತಿದ್ದಳು.

ಒಂದು ಮಾತು ಮಾತ್ರ ಗಟ್ಟಿ. ಜಡ್ಜ್ ಆಗಿರುವಷ್ಟು ದಿನ ಗೆದ್ದವರ ಮನೆಯ ಹೊಸಿಲು ದಾಟುವ ಹಾಗಿಲ್ಲ. ಅಲ್ಲಿ ಒಂದು ಲೋಟ ನೀರು ಕುಡಿದರೂ ಲಂಚ ಉಂಡ ಲೆಕ್ಕವೇ. ಗೆದ್ದವರಿಗೂ ಅದು ಗೊತ್ತು. ಜಡ್ಜ್ ಎದುರಿಗೆ ಬಂದರೆ ಅವರೇ ಬೀದಿಯ ಆಚೆ ಬದಿಗೆ ಸರಿದುಹೋಗುತ್ತಾರೆ.

ನಡುಗೋಡೆಯ ಮೊಕದ್ದಮೆ ಬಂದದ್ದು ಅಕ್ಕ ದೊಡ್ಡ ಕೋರ್ಟಿನಲ್ಲಿ ಚೆನ್ನಾಗಿ ನೆಲೆಯೂರಿದ ಮೇಲೆ. ಬಳೆಗಾರರ ಬೀದಿಯಲ್ಲಿ ಹೊನ್ನಮ್ಮ, ಕೆಂಪಾಜಮ್ಮ ಎಂದು ಇಬ್ಬರು ಒಡಹುಟ್ಟಿದವರು. ಅಪ್ಪ ಕಟ್ಟಿಸಿದ ಒಂದು ಮನೆಯನ್ನು ಎರಡು ಮಾಡಿಕೊಂಡಿದ್ದರು. ನಡುವಿನ ಗೋಡೆಯಲ್ಲಿ ಒಂದು ಬಾಗಿಲಿತ್ತು. ದೊಡ್ಡವಳು ಹೊನ್ನಮ್ಮನ ಕಡೆ ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ತಂಗಿ ಕೆಂಪಾಜಮ್ಮನ ಕಡೆ ಅವಳೊಬ್ಬಳೇ, ಗಂಡ ತೀರಿಕೊಂಡಿದ್ದ. ಹೊನ್ನಮ್ಮನ ಮೊಮ್ಮಕ್ಕಳು ಬಾಗಿಲಲ್ಲಿ ನುಗ್ಗಿ ಬಂದು ಇವಳ ಹಪ್ಪಳದ ಹಿಟ್ಟು ತುಳಿದರು ಎಂಬಲ್ಲಿಂದ ಜಗಳ ಶುರುವಾಯಿತು. ಗೋಡೆ ನನ್ನದು, ಬಾಗಿಲು ಮುಚ್ಚುತ್ತೇನೆ ಎಂದಳು ತಂಗಿ. ಹೇಗೆ ಮುಚ್ಚುತ್ತೀಯೋ ನೋಡುತ್ತೇನೆ ಎಂದಳು ಹೊನ್ನಮ್ಮ. ಕೆಳಗಿನ ಕೋರ್ಟಿನಲ್ಲಿ ಒಬ್ಬಳು ಗೆದ್ದರೆ ಅದರ ಮೇಲಿನದರಲ್ಲಿ ಇನ್ನೊಬ್ಬಳು. ಕೊನೆಗೆ ದೊಡ್ಡ ಕೋರ್ಟು. ಇಂಥ ಸಣ್ಣ ಮೇಲ್ಮನವಿಗಳನ್ನು ಅಲ್ಲಿ ಒಬ್ಬರೇ ಕೂತು ಕೇಳುವುದು ರೂಢಿ, ಕೇಳಿದವಳು ನಮ್ಮ ಅಕ್ಕ. ಅಪ್ಪನ ವಿಭಾಗಪತ್ರದಲ್ಲಿ ಗೋಡೆ ತಂಗಿಗೆ ಎಂದು ಸ್ಪಷ್ಟವಾಗಿತ್ತು. ಗೋಡೆ ಅವಳದು, ಬಾಗಿಲು ಮುಚ್ಚುವ ಹಕ್ಕು ಅವಳಿಗಿದೆ ಎಂದು ಅಕ್ಕ ಬರೆದಳು. ನನಗೂ ಓದಿ ಹೇಳಿದಳು. ಹೊಡೆದುಹಾಕುವಂಥ ಸಾಲು ಒಂದೂ ಇರಲಿಲ್ಲ.

ಮಾರನೆಯ ದಿನವೇ ಹೊನ್ನಮ್ಮ ಊಟಕ್ಕೆ ಕರೆದಳು. ಒತ್ತುಶ್ಯಾವಿಗೆ, ಕಾಯಿಹಾಲು, ಮನೆತುಂಬ ಮಕ್ಕಳ ಗಲಾಟೆ. ಅಕ್ಕ ಉಂಡು ಬಂದಳು. ನಾನು ಎಂದಿನಂತೆ ಮಜ್ಜಿಗೆ ಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು, ನನ್ನ ಮುಖ ನೋಡಿದಳು.

"ಇದಕ್ಕೆ ಉಪ್ಪು ಹಾಕಿದ್ದೀಯಲ್ಲ?"

ಹಾಕಿದ್ದೆ.

ಆವತ್ತಿನಿಂದ ಉಪ್ಪು ಬರಲಿಲ್ಲ. ಹೊನ್ನಮ್ಮನ ಮನೆಗೆ ಇನ್ನೊಮ್ಮೆ ಹೋಗಿ ಉಂಡಳು, ಬರಲಿಲ್ಲ. ಬೇರೆ ಮೊಕದ್ದಮೆಗಳಾದವು, ಬೇರೆ ಮನೆಗಳಲ್ಲಿ ಉಂಡಳು, ಬರಲಿಲ್ಲ. ಒಂದು ಮನೆ ಬಾಕಿ ಇದ್ದರೂ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಹೊನ್ನಮ್ಮ ಮನಸ್ಸಿಟ್ಟು ಬಡಿಸಿಲ್ಲ, ಒಳಗೆ ವಿಷ ಇಟ್ಟುಕೊಂಡಿದ್ದಾಳೆ ಎಂದು ಊರು ಮಾತಾಡಿತು. ಅವಳ ಮೊಮ್ಮಗಳಿಗೆ ಬಂದ ಗಂಡು ಇದೇ ಮಾತು ಕೇಳಿ ಹಿಂದೆ ಸರಿಯಿತು. ಹೊನ್ನಮ್ಮ ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಗೇ ಬಂದು ನನ್ನೆದುರು ಕೂತಳು. ತಾಯೀ, ನನಗೆ ಆ ಬಾಗಿಲು ಎರಡು ದಿನದಲ್ಲಿ ಮರೆತೇ ಹೋಯಿತು, ಮನೆಯಲ್ಲಿ ಅಷ್ಟು ಜನ, ನಾನು ಹೊಟ್ಟೆತುಂಬ ಬಡಿಸಿದ್ದೇನೆ, ಇನ್ನೇನು ಮಾಡಲಿ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನು ಅವಳಿಗೆ ಕಾಫಿ ಮಾಡಿಕೊಟ್ಟೆ. 

ಅಕ್ಕ ತೀರ್ಪಿನಲ್ಲಿ ತಪ್ಪು ಹುಡುಕಿದಳು. ವಿಭಾಗಪತ್ರ ಮತ್ತೆ ತರಿಸಿ ನೋಡಿದಳು. ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ಅವಳಿಗೆ ನೆಮ್ಮದಿಯಾಗುತ್ತಿತ್ತೋ ಏನೋ. ಹೊರಗೆ ಅವಳು ಎಂದಿನಂತೆಯೇ ಇದ್ದಳು. ಭಾವನ ಜೊತೆ ಸಂಜೆ ವಾಕಿಂಗು, ಭಾನುವಾರ ಗುಲಾಬಿ ಗಿಡಕ್ಕೆ ಗೊಬ್ಬರ, ನನ್ನ ಮಕ್ಕಳ ಲೆಕ್ಕದ ಪುಸ್ತಕ. ಊಟಕ್ಕೆ ಕೂತಾಗ ಮಾತ್ರ ನನಗೆ ತಿಳಿಯುತ್ತಿತ್ತು. ಏನು ಬಡಿಸಿದರೂ ಚೆನ್ನಾಗಿದೆ ಎನ್ನುತ್ತಿದ್ದಳು. ಆ ಮಾತಿನಲ್ಲಿ ತೂಕವೇ ಇರಲಿಲ್ಲ. ಒಂದು ಸಲ ನಾನು ಪರೀಕ್ಷೆ ಮಾಡೋಣವೆಂದು ಸಾರಿಗೆ ಉಪ್ಪೇ ಹಾಕದೆ ಬಡಿಸಿದೆ. ಮಕ್ಕಳು ಮುಖ ಕಿವುಚಿದರು. ಅಕ್ಕ ಚೆನ್ನಾಗಿದೆ ಎಂದಳು. ಆಮೇಲೆ ಮಕ್ಕಳ ಮುಖ ನೋಡಿ, ನನ್ನ ಕಡೆ ತಿರುಗಿ, ಸಣ್ಣಗೆ ನಕ್ಕಳು. ಆ ನಗು ನೋಡಿ, ಹಿಂದೆ ಅವಳ ನಾಲಿಗೆಯ ಉಪ್ಪು ಹೋಗಲೆಂದು ಬೇಡಿಕೊಂಡವಳು ನಾನು, ಅದು ಬರಲೆಂದು ಬೇಡಿಕೊಂಡೆ. ಯಾರ ಹತ್ತಿರ ಬೇಡಿದೆನೋ ಗೊತ್ತಿಲ್ಲ, ಒಗ್ಗರಣೆ ಸೌಟು ಕೈಯಲ್ಲಿತ್ತು.

ಹೀಗೆ ವರ್ಷಗಳು ಹೋಗಿ ಅಕ್ಕನ ನಿವೃತ್ತಿಯ ದಿನ ಹತ್ತಿರ ಬಂತು. ದೊಡ್ಡ ಕೋರ್ಟಿನಲ್ಲಿ ಬೀಳ್ಕೊಡುಗೆಯ ದಿನ ಒಂದು ರಿವಾಜು ಇದೆ. ಹೋಗುವ ಜಡ್ಜ್ ತುಂಬಿದ ಸಭೆಯಲ್ಲಿ ಒಂದು ಲೋಟ ಮಜ್ಜಿಗೆ ಕುಡಿದು, "ಉಪ್ಪಿದೆ" ಎಂದು ಹೇಳಬೇಕು. ಎಲ್ಲ ಮನೆಗಳ ಊಟವೂ ತೀರಿದೆ, ಯಾರ ಬಾಕಿಯೂ ಉಳಿದಿಲ್ಲ ಎಂದು ಅದರ ಅರ್ಥ. ಜನ ಚಪ್ಪಾಳೆ ತಟ್ಟುತ್ತಾರೆ, ಪಟ ಗೋಡೆಗೇರುತ್ತದೆ. ಹೇಳದೆ ಹೋದವರ ಪಟ ಏರುವುದಿಲ್ಲ. ಹಾಗೆ ಹೋದವರು ಯಾರೂ ಇಲ್ಲ. ಎಲ್ಲರ ನಾಲಿಗೆಯಲ್ಲೂ ನಿಜಕ್ಕೂ ಉಪ್ಪಿತ್ತೇ ಎಂದು ಯಾರು ಇಳಿದು ನೋಡಿದ್ದಾರೆ? ನಮ್ಮ ಅಕ್ಕನದು ಊರಿಗೆಲ್ಲ ಗೊತ್ತಿದ್ದ ವಿಷಯ. ಆದರೂ ಅವಳು ಇದೆ ಎಂದುಬಿಡಲಿ, ಎಲ್ಲರೂ ಸುಮ್ಮನಿರುತ್ತೇವೆ ಎಂದು ವಕೀಲರು ಮನೆಗೆ ಬಂದು ಹೇಳಿಹೋದರು. ಭಾವ ಆಗಲೇ ಅವಳ ಪಟ ಬರೆದು ಮುಗಿಸಿದ್ದರು. ಕಿವಿ ಸ್ವಲ್ಪ ದೊಡ್ಡದಾಗಿತ್ತು. ಜಡ್ಜ್ ಕಿವಿ ದೊಡ್ಡದಿದ್ದರೇ ಒಳ್ಳೆಯದು ಎಂದು ಸಮರ್ಥಿಸಿಕೊಂಡರು.

ಹಿಂದಿನ ದಿನ ಅವಳ ಕೋಟಿಗೆ ಇಸ್ತ್ರಿ ಹಾಕುತ್ತಾ ನಾನೂ ಹೇಳಿದೆ. "ಒಂದು ಮಾತು ತಾನೇ ಅಕ್ಕ, ಇದೆ ಅಂದುಬಿಡಿ. ಪಾಪ, ಭಾವ ಅಷ್ಟು ಬಣ್ಣ ಖರ್ಚು ಮಾಡಿದ್ದಾರೆ."

ಅವಳು ನಕ್ಕಳು. "ಜನರಿಂದ ಪ್ರಮಾಣ ಮಾಡಿಸಿದ ಜಾಗ ಕಣೆ ಅದು. ಅಲ್ಲಿಂದ ಇಳಿಯುವಾಗ ಸುಳ್ಳು ಹೇಳಿ ಇಳಿಯಲಾ?"

ಆಮೇಲೆ ಕಿಟಕಿಯಾಚೆ ನೋಡಿ, ಹೆದರಿಕೆ ಅದಲ್ಲ, ನಾನು ಇಲ್ಲ ಅಂದರೆ ಹೊನ್ನಮ್ಮನ ಮೇಲೆ ಮತ್ತೆ ಊರಿನ ಮಾತು ಬೀಳುತ್ತದೆ ಎಂದಳು.

ಸಭೆಗೆ ನಾನೂ ಹೋಗಿದ್ದೆ. ಹೆಂಗಸರ ಸಾಲಿನಲ್ಲಿ ಹೊನ್ನಮ್ಮ ತಲೆ ತಗ್ಗಿಸಿ ಕೂತಿದ್ದಳು. ಹಿಂದೆ ಕಂಬಕ್ಕೆ ಒರಗಿ ಕೆಂಪಾಜಮ್ಮ ನಿಂತಿದ್ದಳು. ಗೆದ್ದವಳು, ಹಾಗಾಗಿ ಮುಂದೆ ಬಂದಿರಲಿಲ್ಲ. ಅಕ್ಕ ಮಜ್ಜಿಗೆ ಕುಡಿದಳು. ಪೂರ್ತಿ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, ತೀರ್ಪು ಓದುವ ಅದೇ ದನಿಯಲ್ಲಿ ಹೇಳಿದಳು.

"ನನಗೆ ಉಪ್ಪು ಗೊತ್ತಾಗುತ್ತಿಲ್ಲ. ಹೊನ್ನಮ್ಮನವರ ಊಟದಲ್ಲಿ ಯಾವ ಕೊರತೆಯೂ ಇರಲಿಲ್ಲ, ಇದನ್ನು ಎಲ್ಲರೂ ಕೇಳಿಸಿಕೊಳ್ಳಬೇಕು. ಕೊರತೆ ಬೇರೆ ಎಲ್ಲೋ ಇದೆ. ಎಲ್ಲಿದೆ ಎಂದು ಇಷ್ಟು ದಿನ ಹುಡುಕಿದೆ, ನನಗೆ ಕಾಣಲಿಲ್ಲ. ಕಾಣದೆಯೇ ಇಳಿಯುತ್ತಿದ್ದೇನೆ."

ಚಪ್ಪಾಳೆ ಇರಲಿಲ್ಲ. ಅವಳು ಕೋಟು ತೆಗೆದು ಮಡಿಸಿ ಕುರ್ಚಿಯ ಮೇಲಿಟ್ಟಳು. ಭಾವ ಪಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದರು. ಮನೆಗೆ ಬಂದು ಅದನ್ನು ಊಟದ ಕೋಣೆಯಲ್ಲಿ ನೇತುಹಾಕಿ, ಇಲ್ಲಿ ಬೆಳಕು ಚೆನ್ನಾಗಿದೆ ಎಂದರು.

ಮಾರನೆಯ ಬೆಳಿಗ್ಗೆ ನಾನು ರಂಗೋಲಿ ಹಾಕುತ್ತಿದ್ದಾಗ ಎದುರಿಗೆ ಒಂದು ನೆರಳು ನಿಂತಿತು. ತಲೆಯೆತ್ತಿದರೆ ಕೆಂಪಾಜಮ್ಮ. ಮೆಟ್ಟಿಲು ಹತ್ತಲೋ ಬೇಡವೋ ಎಂದು ಚಪ್ಪಲಿ ಬಿಟ್ಟು ಮತ್ತೆ ಮೆಟ್ಟಿಕೊಂಡಳು. ಅಷ್ಟರಲ್ಲಿ ಅಕ್ಕ ಪೇಪರು ಹಿಡಿದು ಹೊರಗೆ ಬಂದಳು.

"ಜಡ್ಜಮ್ಮ," ಎಂದಳು ಕೆಂಪಾಜಮ್ಮ, "ಈಗ ನೀವು ಜಡ್ಜ್ ಅಲ್ಲವಲ್ಲ?"

"ಅಲ್ಲ."

"ಹಾಗಾದರೆ ನಮ್ಮನೆಗೆ ಊಟಕ್ಕೆ ಬರ್ತೀರಾ? ಗೆದ್ದವಳು ಕರೆಯೋ ಹಾಗಿರಲಿಲ್ಲ ಅಂತ ಸುಮ್ಮನಿದ್ದೆ. ನಿನ್ನೆ ನೀವು ಹಾಗಂದ ಮೇಲೆ ನಿದ್ದೆ ಬರಲಿಲ್ಲ."

ಅಕ್ಕ ಅವಳನ್ನೇ ನೋಡುತ್ತಾ ನಿಂತಳು. ಕೈಯಲ್ಲಿದ್ದ ಪೇಪರು ಜಾರಿ ನನ್ನ ರಂಗೋಲಿಯ ಮೇಲೆ ಬಿತ್ತು. ಅವಳು ಹಾಗೆ ಏನನ್ನಾದರೂ ಕೈಬಿಟ್ಟದ್ದನ್ನು ನಾನು ನೋಡಿರಲಿಲ್ಲ. "ದಾಕ್ಷಿ, ನೀನೂ ಬಾ" ಎಂದಳು.

ಕೆಂಪಾಜಮ್ಮನ ಮನೆ ಚೊಕ್ಕಟವಾಗಿತ್ತು. ಎಷ್ಟು ಚೊಕ್ಕಟವೆಂದರೆ ಯಾವ ವಸ್ತುವೂ ಇಟ್ಟ ಜಾಗದಿಂದ ಕದಲಿದ ಗುರುತಿರಲಿಲ್ಲ. ನಡುಗೋಡೆಯಲ್ಲಿ ಬಾಗಿಲಿದ್ದ ಜಾಗ ಮಾತ್ರ ಬೇರೆ ಬಣ್ಣಕ್ಕೆ ತಿರುಗಿತ್ತು. ಸುಣ್ಣ ಎಷ್ಟು ಸಲ ಬಳಿದರೂ ಆ ಚೌಕ ಹಾಗೇ ಎದ್ದು ಕಾಣುತ್ತದೆ ಎಂದಳು. ಅದಕ್ಕೆ ತಾಗಿದಂತೆ ಒಂದು ಮಣೆ ಹಾಕಿತ್ತು, ಗೋಡೆಯಲ್ಲಿ ತಲೆ ಒರಗುವಷ್ಟು ಎತ್ತರದಲ್ಲಿ ಎಣ್ಣೆಯ ಕಲೆ. ಅವಳು ದಿನವೂ ಅಲ್ಲೇ ಕೂತು ಉಣ್ಣುತ್ತಾಳೆಂದು ಯಾರೂ ಹೇಳಬೇಕಾಗಿರಲಿಲ್ಲ. ಅಕ್ಕನನ್ನು ಆ ಮಣೆಯ ಮೇಲೆ ಕೂರಿಸಿದಳು. ಆಚೆಯಿಂದ ತಟ್ಟೆಗಳ ಸದ್ದು, ಒಂದು ಮಗುವಿನ ಹಟ, ಹೊನ್ನಮ್ಮನ ಗದರಿಕೆ ಎಲ್ಲ ಕೇಳುತ್ತಿತ್ತು.

"ಇವತ್ತು ಅವರಲ್ಲಿ ಸೊಪ್ಪಿನ ಸಾರು," ಎಂದಳು ಕೆಂಪಾಜಮ್ಮ, ಬಡಿಸುತ್ತಾ. "ಸಣ್ಣದಕ್ಕೆ ಸೊಪ್ಪು ಸೇರೋದಿಲ್ಲ. ಅದು ಹುಟ್ಟಿದ್ದು ಬಾಗಿಲು ಮುಚ್ಚಿದ ಮೇಲೆ. ಮುಖ ಸರಿಯಾಗಿ ನೋಡಿಲ್ಲ, ದನಿ ಗೊತ್ತು."

ಬಿಸಿ ಮುದ್ದೆ, ಅವರೆಕಾಳಿನ ಸಾರು, ಸುಟ್ಟ ಹಪ್ಪಳ. ಅಕ್ಕ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ನನ್ನ ಕೈ ತುತ್ತಿನ ಸಮೇತ ಅಲ್ಲೇ ನಿಂತಿತ್ತು. ಅವಳು ತಲೆ ತಗ್ಗಿಸಿ ನಿಧಾನವಾಗಿ ಉಂಡಳು, ಕಾಳು ಕಾಳನ್ನೂ ಬೆರಳಿನಿಂದ ತೆಗೆದು ಉಂಡಳು, ಮತ್ತೆ ಹಾಕಿಸಿಕೊಂಡಳು. ಹೊರಗೆ ಹೋಗಿ ಕೈ ತೊಳೆದು ಬಂದು, ನಿಂತುಕೊಂಡೇ ತಟ್ಟೆಯಲ್ಲಿ ಉಳಿದಿದ್ದ ಹಪ್ಪಳದ ಚೂರೊಂದನ್ನು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿತು. ಕೆಂಪಾಜಮ್ಮ ಸೌಟು ಹಿಡಿದುಕೊಂಡೇ ಅವಳ ಮುಖ ನೋಡುತ್ತಿದ್ದಳು.

"ಸೋತವರು ನೀವಾ," ಎಂದಳು ಅಕ್ಕ. ಕೇಳಿದ್ದಲ್ಲ ಅದು.

ಕೆಂಪಾಜಮ್ಮ ಸೌಟನ್ನು ಪಾತ್ರೆಗಿಟ್ಟಳು. ನೀವು ಬರೆದದ್ದು ಸರಿಯಾಗೇ ಇತ್ತು, ನಾನು ಕೇಳಿದ್ದನ್ನೇ ನೀವು ಕೊಟ್ಟಿರಿ ಎಂದಳು. ಆಮೇಲೆ ಗೋಡೆಯ ಕಡೆ ಒಮ್ಮೆ ನೋಡಿ, "ಈಗ ಇದನ್ನ ಒಡೆದರೆ ಕೋರ್ಟಿನ ಮಾತು ಮೀರಿದ ಹಾಗಾಗೋದಿಲ್ವಾ?" ಎಂದು ಕೇಳಿದಳು. ಇಷ್ಟು ವರ್ಷ ಅವಳನ್ನು ತಡೆದಿದ್ದದ್ದು ಇದೇ ಎಂದು ನನಗೆ ಆಗ ಗೊತ್ತಾಯಿತು. ದೊಡ್ಡ ಕೋರ್ಟು ಮುಚ್ಚು ಎಂದ ಬಾಗಿಲನ್ನು ತೆರೆಯುವುದು ಅಪರಾಧವೆಂದೇ ಅವಳು ತಿಳಿದಿದ್ದಳು.

ಅಕ್ಕ ಆ ಚೌಕದ ಮೇಲೆ ಅಂಗೈ ಇಟ್ಟಳು. "ಗೋಡೆ ನಿಮ್ಮದು ಅಂತ ಬರೆದೆ. ಮುಚ್ಚಬಹುದು ಅಂತ ಬರೆದೆ. ಮುಚ್ಚಲೇಬೇಕು ಅಂತ ಎಲ್ಲೂ ಬರೆದಿಲ್ಲಮ್ಮ."

ನಾವು ಬೀದಿ ತಿರುಗುವ ಹೊತ್ತಿಗೆ ಹಿಂದಿನಿಂದ ಒನಕೆಯಿಂದ ಗುದ್ದುವ ಸದ್ದು ಕೇಳಿತು. ಆಚೆ ಕಡೆಯಿಂದ ಹೊನ್ನಮ್ಮ, ಯಾವಳೇ ಅದು ನನ್ನ ಗೋಡೆ ಕೆಡವುತ್ತಿರೋದು ಎಂದು ಕೂಗಿದಳು. ಈಚೆಯಿಂದ, ನಿನ್ನದಲ್ಲ, ನನ್ನದು, ಕೋರ್ಟೇ ಹೇಳಿದೆ ಎಂದು ಉತ್ತರ ಬಂತು. ಅಕ್ಕ ಬೀದಿಯಲ್ಲೇ ನಿಂತು ನಗತೊಡಗಿದಳು. ಹಾಗೆ ನಗುವುದನ್ನು ಯಾರಾದರೂ ನೋಡಿದರೆ ಎಂದು ನಾನು ಅವಳ ಕೈ ಹಿಡಿದು ಎಳೆದುಕೊಂಡು ಬಂದೆ.

ದಾರಿಯಲ್ಲಿ ನಾನು ಅವಳ ನಾಲಿಗೆಯ ಬಗ್ಗೆ ಕೇಳಲಿಲ್ಲ.  ಇನ್ನು ಕೋರ್ಟಿನವರು ಪಟ ಕೇಳಿದರೆ ಕೊಡುತ್ತೀರಾ ಎಂದೆ. ಊಟದ ಕೋಣೆಯಲ್ಲೇ ಇರಲಿ, ಕಿವಿ ಅಷ್ಟು ದೊಡ್ಡದಿಟ್ಟುಕೊಂಡು ಅಲ್ಲಿಗೆ ಹೇಗೆ ಹೋಗಲಿ ಎಂದಳು.

ಸಂಜೆ ನಾನು ಸಾರು ಮಾಡಿದೆ. ವಿಶೇಷವೇನಲ್ಲ, ಟೊಮ್ಯಾಟೊ ಸಾರು. ಹೊಸ ಸೊಸೆಯ ಹಾಗೆ ಬೇಳೆಯನ್ನು ಮೂರು ಸಲ ತೊಳೆದೆ. ಉಪ್ಪು ನೋಡಲು ಯಾರನ್ನೂ ಕರೆಯಲಿಲ್ಲ, ನಾನೂ ನೋಡಲಿಲ್ಲ. ಎಲ್ಲರೂ ಊಟಕ್ಕೆ ಕೂತರು. ಭಾವ ಎಂದಿನಂತೆ ಮೊದಲ ತುತ್ತಿಗೇ ಚೆನ್ನಾಗಿದೆ ಎಂದರು. ಅಕ್ಕ ಅನ್ನಕ್ಕೆ ಸಾರು ಕಲಸಿ, ಒಂದು ತುತ್ತು ತಿಂದು, ಇನ್ನೊಂದು ತಿಂದು, ನನ್ನ ಕಡೆ ನೋಡಿದಳು.

"ಉಪ್ಪು ಕಡಿಮೆಯಾಯ್ತು ಕಣೆ ದಾಕ್ಷಿ. ಹುಳಿ ಸರಿಯಾಗಿದೆ."

ನಾನು ಎದ್ದು ಉಪ್ಪಿನ ಡಬ್ಬಿ ತರಲು ಒಳಗೆ ಹೋದೆ. ಡಬ್ಬಿ ಕಣ್ಣೆದುರಿಗೇ ಇತ್ತು. ಆದರೂ ತರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.